ಸೊಲ್ಲು ಮತ್ತು ಮರುಸೊಲ್ಲು: ಭಜನೆಯಲ್ಲಿ ಸಭೆಯ ಪಾಲು

ದೇವಸ್ಥಾನದ ಸಂತರ್ಪಣೆಯಾಗಲಿ, ಮನೆಯ ಉಪನಯನವಾಗಲಿ, ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಈ ದೃಶ್ಯವು ಪರಿಚಿತವಾದುದೇ. ಬಡಿಸುವಿಕೆ ನಡೆಯುತ್ತಿರುವಂತೆಯೇ ಪಂಕ್ತಿಯ ಒಂದು ತುದಿಯಿಂದ ಹಿರಿಯರೊಬ್ಬರು ಚೂರ್ಣಿಕೆಯನ್ನು ಆರಂಭಿಸುವರು. ಅವರ ದನಿ ಮೆಲ್ಲನೆ ಏರುತ್ತ ಹೋಗಿ ಕೊನೆಯ ಪದದಲ್ಲಿ ನಿಲ್ಲುವುದು. ಆ ಕ್ಷಣಕ್ಕಾಗಿಯೇ ಕಾದಿದ್ದವರಂತೆ ಪಂಕ್ತಿಯವರೆಲ್ಲ ಒಕ್ಕೊರಲಿನಿಂದ ಗೋವಿಂದನ ನಾಮವನ್ನು ಉಚ್ಚರಿಸುವರು. ಚೂರ್ಣಿಕೆಯ ದೀರ್ಘ ಸಮಾಸಗಳ ಅರ್ಥವನ್ನರಿತವರು ಪಂಕ್ತಿಯಲ್ಲಿ ನಾಲ್ಕಾರು ಮಂದಿ ಇರಬಹುದು. ಆದರೆ ಆ ಕೊನೆಯ ನಾಮೋಚ್ಚಾರದಲ್ಲಿ ಪಂಡಿತರ ಪಕ್ಕದಲ್ಲಿ ಕುಳಿತ ಆರು ವರ್ಷದ ವಟುವಿಗೂ ಸಮಪಾಲು ಇರುತ್ತದೆ.

ಒಬ್ಬನು ಹೇಳುವುದು, ಎಲ್ಲರೂ ಉತ್ತರಿಸುವುದು. ಒಬ್ಬನು ಹಾಡುವುದು, ಎಲ್ಲರೂ ಮರುದನಿ ಕೊಡುವುದು. ಈ ಕ್ರಮವು ನಮ್ಮ ನಾಡಿನ ಜನಪದ ಗಾಯನದ ಜೀವಾಳವಾಗಿದೆ. ಹರಿದಾಸರ ಕೀರ್ತನೆಗಳ ಕಟ್ಟಡವೂ ಈ ಅಡಿಪಾಯದ ಮೇಲೆಯೇ ನಿಂತಿದೆ. ಇಂದು ನಮ್ಮ ಭಜನೆಗಳಲ್ಲಿ ಹಾಡುವವರ ದನಿ ದೊಡ್ಡದಾಗಿದೆ, ಮರುದನಿ ಮಾತ್ರ ಕ್ಷೀಣಿಸುತ್ತಿದೆ. ಆದುದರಿಂದ ಈ ಕ್ರಮದ ಸ್ವರೂಪವೇನು, ಅದು ಎಲ್ಲಿಂದ ಬಂದಿತು, ನಮ್ಮ ಗುರುಹಿರಿಯರು ಅದನ್ನು ಯಾವ ಉದ್ದೇಶದಿಂದ ಬಳಸಿದರು ಎಂಬುದನ್ನು ವಿಚಾರಮಾಡುವುದು ಉಚಿತವಾಗಿದೆ.

ಗದ್ದೆಯ ಹಾಡು

ಕನ್ನಡದ ಜನಪದ ಗಾಯಕರು ಹಾಡಿನಲ್ಲಿ ಮತ್ತೆಮತ್ತೆ ಬರುವ ಮಾತಿಗೆ ‘ಸೊಲ್ಲು’ ಎನ್ನುವರು. ಮೈಸೂರು ಸೀಮೆಯ ಕಂಸಾಳೆಯವರು, ನೀಲಗಾರರು ಕಥೆ ಹಾಡುವಾಗ ಮುಂದಾಳುವಾದವನು ಕಥೆಯನ್ನು ಎತ್ತಿಕೊಡುತ್ತಾನೆ; ಜೊತೆಯವರು ಸೊಲ್ಲನ್ನು ಹಿಡಿದು ನಡೆಸುತ್ತಾರೆ. ಮಲೆಯ ಮಹದೇಶ್ವರನ ಕಥೆ, ಮಂಟೇಸ್ವಾಮಿಯ ಕಥೆಗಳಂಥ ಇಡೀ ರಾತ್ರಿಯ ಕಾವ್ಯಗಳನ್ನು ಒಬ್ಬನ ಕಂಠವು ಹೊರಲು ಸಾಧ್ಯವಾಗುವುದು ಈ ಸೊಲ್ಲಿನ ಆಸರೆಯಿಂದಲೇ.

ನಮ್ಮ ತುಳುನಾಡಿನಲ್ಲಿ ಇದರ ಮುಖ್ಯ ಕ್ಷೇತ್ರವು ಬತ್ತದ ಗದ್ದೆಯಾಗಿತ್ತು. ಏಣೆಲು ಬೆಳೆಯ ಕಾಲದಲ್ಲಿ, ಸುರಿಯುವ ಮಳೆಯಲ್ಲಿ, ಸೊಂಟ ಬಗ್ಗಿಸಿ ನೇಜಿ ನೆಡುವ ಹೆಂಗಸರು ಸಾಲಾಗಿ ನಿಂತು ಪಾಡ್ದನಗಳನ್ನೂ ಕಬಿತಗಳನ್ನೂ ಹಾಡುತ್ತಿದ್ದರು. ‘ಓಬೇಲೆ’ ಎಂಬ ಸೊಲ್ಲಿನಿಂದಲೇ ಹೆಸರು ಪಡೆದ ಹಾಡುಗಳು ಅವುಗಳಲ್ಲಿ ಪ್ರಸಿದ್ಧವಾಗಿವೆ. ಸಾಲಿನಲ್ಲಿ ಅನುಭವಸ್ಥಳಾದ ಒಬ್ಬಳು ಒಂದು ಚರಣವನ್ನು ಹೇಳುತ್ತಾಳೆ. ಉಳಿದವರು ಅದನ್ನೇ ಮರುನುಡಿಯುತ್ತಾರೆ, ಅಥವಾ ಸೊಲ್ಲನ್ನು ಮಾತ್ರ ಹೇಳುತ್ತಾರೆ.

ಮೇಲ್ನೋಟಕ್ಕೆ ಇದು ಬೇಸರ ಕಳೆಯುವ ಉಪಾಯವೆಂದು ತೋರೀತು. ಸೂಕ್ಷ್ಮವಾಗಿ ನೋಡಿದರೆ ಇದರಲ್ಲಿ ಮೂರು ಪ್ರಯೋಜನಗಳು ಅಡಗಿವೆ.

ಮೊದಲನೆಯದು, ಮುಂದಾಳುವಿಗೆ ದೊರೆಯುವ ಬಿಡುವು. ಉಳಿದವರು ಮರುನುಡಿಯುವಷ್ಟು ಹೊತ್ತಿನಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಾಳೆ. ಮುಂದಿನ ಚರಣವನ್ನು ನೆನಪಿಗೆ ತಂದುಕೊಳ್ಳುತ್ತಾಳೆ, ಇಲ್ಲವೇ ಸ್ಥಳದಲ್ಲಿಯೇ ಕಟ್ಟುತ್ತಾಳೆ. ಪುಸ್ತಕವಿಲ್ಲದೆ ಸಾವಿರಾರು ಸಾಲುಗಳು ಬಾಯಿಂದ ಬಾಯಿಗೆ ಸಾಗಿಬರಲು ಈ ಬಿಡುವೂ ಕಾರಣವಾಯಿತು.

ಎರಡನೆಯದು, ಕೆಲಸದ ಲಯ. ಸೊಲ್ಲು ಬೀಳುವ ಜಾಗದಲ್ಲಿ ಕೈಯೂ ನೇಜಿಯನ್ನು ಊರುತ್ತದೆ. ಚುರುಕಾದವಳು ಮುಂದೋಡದಂತೆಯೂ ನಿಧಾನಿಯಾದವಳು ಹಿಂದುಳಿಯದಂತೆಯೂ ಹಾಡು ಸಾಲನ್ನು ಸಮನಾಗಿರಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಮಹತ್ತ್ವವುಳ್ಳದ್ದು: ಏನೂ ತಿಳಿಯದವಳಿಗೂ ದೊರೆಯುವ ಪ್ರವೇಶ. ಆ ದಿನವೇ ಮೊದಲ ಬಾರಿಗೆ ಗದ್ದೆಗಿಳಿದ ಹುಡುಗಿಗೆ ಕಥೆ ಗೊತ್ತಿಲ್ಲ, ಚರಣಗಳು ಗೊತ್ತಿಲ್ಲ. ಸೊಲ್ಲು ಮಾತ್ರ ಎರಡು ಸಲ ಕೇಳಿದೊಡನೆ ಬಾಯಿಗೆ ಬರುತ್ತದೆ. ಸೊಲ್ಲು ಹೇಳುತ್ತ ಹೇಳುತ್ತ ಕಥೆ ಅವಳ ಕಿವಿಯಲ್ಲಿ ನೆಲೆಗೊಳ್ಳುತ್ತದೆ. ಕೆಲವು ವರ್ಷಗಳ ಬಳಿಕ ಮುಂದಾಳುವಿನ ಸ್ಥಾನದಲ್ಲಿ ಅವಳೇ ಇರುತ್ತಾಳೆ. ಶಾಲೆಯಿಲ್ಲದ ಕಡೆ ಸೊಲ್ಲೇ ಶಾಲೆಯಾಗಿತ್ತು.

ನಮ್ಮ ಹಿರಿಯರಲ್ಲಿ ಅನೇಕರು ಈ ಹಾಡುಗಳನ್ನು ಗದ್ದೆಯ ಹುಣಿಯ ಮೇಲೆ ನಿಂತು ಕೇಳಿದವರು. ಹಾಡಿದವರು ಕೆಸರಿನಲ್ಲಿದ್ದರು, ಅವರು ನಮ್ಮ ದೇವಾಲಯಗಳ ಪ್ರಾಕಾರದೊಳಗೆ ಕುಳಿತು ಹಾಡಿದವರಲ್ಲ. ಈ ಸತ್ಯವನ್ನು ಮರೆಮಾಚಬೇಕಾಗಿಲ್ಲ. ಮಂಗಳೂರಿನ ಸುತ್ತಲಿನ ಅನೇಕ ಗದ್ದೆಗಳು ಇಂದು ಬಡಾವಣೆಗಳಾಗಿವೆ. ಉಳಿದ ಕಡೆಗಳಲ್ಲಿಯೂ ನಾಟಿಯ ಯಂತ್ರಗಳು ಬಂದಿವೆ. ಓಬೇಲೆಯು ವೇದಿಕೆಯ ಮೇಲಿನ ಪ್ರದರ್ಶನವಾಗಿ ಉಳಿದಿದೆ. ಅಲ್ಲಿ ಹಾಡುವವರು ಮೇಲಿದ್ದಾರೆ, ಕೇಳುವವರು ಕೆಳಗಿದ್ದಾರೆ; ಸೊಲ್ಲಿಗೆ ದನಿಗೂಡಿಸುವ ಸಾಲು ಇಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಏಕೆಂದರೆ ಇದೇ ಸ್ಥಿತಿಯು ನಮ್ಮ ಭಜನೆಗೂ ಒದಗುವಂತಿದೆ.

ಮನೆಯೊಳಗಿನ ಹಾಡು

ಗದ್ದೆಯಲ್ಲಿ ಹೇಗೋ ಮನೆಯಲ್ಲಿಯೂ ಹಾಗೆಯೇ. ಬೀಸುವ ಕಲ್ಲಿನ ಇಬ್ಬದಿಗಳಲ್ಲಿ ಕುಳಿತ ಇಬ್ಬರು ಹೆಂಗಸರಲ್ಲಿ ಒಬ್ಬಳು ಎತ್ತಿದ ತ್ರಿಪದಿಯನ್ನು ಇನ್ನೊಬ್ಬಳು ಹಿಡಿಯುತ್ತಿದ್ದಳು. ಮದುವೆಯ ಸೋಬಾನೆ ಪದಗಳನ್ನು ಎರಡು ಗುಂಪುಗಳಾಗಿ ಕುಳಿತು, ಒಂದು ಗುಂಪು ಹೇಳಿದ್ದನ್ನು ಮತ್ತೊಂದು ಗುಂಪು ಮರುಹೇಳುತ್ತ ಹಾಡುವ ಪದ್ಧತಿ ಕನ್ನಡನಾಡಿನ ಬಹುಭಾಗದಲ್ಲಿದೆ. ಕೋಲಾಟದಲ್ಲಿ ಕೋಲು ಬೀಳುವ ಜಾಗವೇ ಸೊಲ್ಲು ಬೀಳುವ ಜಾಗ. ನಮ್ಮ ಮಂಗಳೂರಿನಲ್ಲಿಯೇ ಕ್ರೈಸ್ತ ಬಂಧುಗಳ ಮದುವೆಯ ಮುನ್ನಾದಿನ ನಡೆಯುವ ರೋಸ್ ಸಮಾರಂಭದಲ್ಲಿ ಹಿರಿಯ ಹೆಂಗಸೊಬ್ಬಳು ಕೊಂಕಣಿಯ ವೊವಿಯೊಗಳನ್ನು ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ದೂರದ ಅಮೆರಿಕದಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದ ಕರಿಯ ಜನರೂ, ಹಡಗಿನ ಹಗ್ಗಗಳನ್ನು ಎಳೆದ ನಾವಿಕರೂ ಹೀಗೆಯೇ ಹಾಡಿದರು. ಮತ, ಭಾಷೆ, ದೇಶಗಳು ಬೇರೆಯಾದರೂ ಕೂಡಿ ದುಡಿಯುವ ಮತ್ತು ಕೂಡಿ ಸಂಭ್ರಮಿಸುವ ಮನುಷ್ಯರಿಗೆ ಈ ಕ್ರಮವು ಸಹಜವಾಗಿಯೇ ಒದಗಿಬಂದಿದೆ.

ವೈದಿಕ ಕರ್ಮಗಳಲ್ಲಿ

ಇದು ಕೇವಲ ಶ್ರಮಿಕರ ಪದ್ಧತಿಯೆಂದು ತಿಳಿದು ಲಘುವಾಗಿ ಕಾಣುವವರು ಪಾಠಶಾಲೆಯತ್ತ ಕಣ್ಣು ಹಾಯಿಸಬೇಕು. ವೇದಾಧ್ಯಯನದಲ್ಲಿ ಸಂಥೆ ಹೇಳಿಕೊಡುವ ಗುರುಗಳು ಒಂದು ಸಲ ಉಚ್ಚರಿಸಿದ್ದನ್ನು ಶಿಷ್ಯರು ಎರಡು ಸಲ ಉಚ್ಚರಿಸಬೇಕು. ಗುರುಗಳು ಮುಂದಿನ ಪದಕ್ಕೆ ಹೋಗುವುದು ಶಿಷ್ಯರ ದನಿಯನ್ನು ಕೇಳಿದ ಬಳಿಕವೇ. ಸ್ವರ ತಪ್ಪಿದರೆ ಅಲ್ಲಿಯೇ ನಿಲ್ಲುತ್ತಾರೆ. ಶಿಷ್ಯನ ಮರುದನಿಯೇ ಗುರುವಿಗೆ ಪರೀಕ್ಷೆಯ ಉತ್ತರಪತ್ರಿಕೆ.

ನಮ್ಮ ಮನೆಗಳಲ್ಲಿ ಯಾವ ಶುಭಕಾರ್ಯವಾದರೂ ನಡೆಯುವ ಪುಣ್ಯಾಹವಾಚನವನ್ನು ಗಮನಿಸಿರಿ. ಇದು ಪುಣ್ಯವಾದ ದಿನವೆಂದು ತಾವು ಹೇಳಬೇಕೆಂದು ಯಜಮಾನನು ಪ್ರಾರ್ಥಿಸುತ್ತಾನೆ. ನೆರೆದ ವಿಪ್ರರು ಹಾಗೆಯೇ ಆಗಲೆಂದು ಉತ್ತರಿಸುತ್ತಾರೆ. ಮೂರು ಸಲ ಪ್ರಾರ್ಥನೆ, ಮೂರು ಸಲ ಉತ್ತರ. ಯಜಮಾನನು ತನಗೆ ತಾನೇ ಪುಣ್ಯಾಹವನ್ನು ಹೇಳಿಕೊಳ್ಳಲಾರ. ಆ ಮಾತು ಇತರರ ಬಾಯಿಂದ ಬರಬೇಕು. ಸೋಮಯಾಗದ ಸಾಮಗಾನದಲ್ಲಿ ಪ್ರಸ್ತೋತೃವು ಪ್ರಸ್ತಾವವನ್ನೂ, ಉದ್ಗಾತೃವು ಉದ್ಗೀಥವನ್ನೂ, ಪ್ರತಿಹರ್ತೃವು ಪ್ರತಿಹಾರವನ್ನೂ ಹಾಡಿದ ಮೇಲೆ ಕೊನೆಯ ಭಾಗವಾದ ನಿಧನವನ್ನು ಮೂವರೂ ಕೂಡಿ ಹಾಡುತ್ತಾರೆ.

ಗದ್ದೆಯ ಹಾಡು ಯಜ್ಞಶಾಲೆಯಿಂದ ಬಂದಿತೆಂದಾಗಲಿ, ಯಜ್ಞಶಾಲೆಯ ಕ್ರಮವು ಗದ್ದೆಯಿಂದ ಬಂದಿತೆಂದಾಗಲಿ ಇಲ್ಲಿ ಸಾಧಿಸಹೊರಟಿಲ್ಲ. ಎರಡು ಕಡೆಗಳಲ್ಲಿಯೂ ಒಂದೇ ತಿಳಿವಳಿಕೆ ಕೆಲಸಮಾಡಿದೆ ಎಂಬುದಷ್ಟೇ ನಮಗೆ ಪ್ರಕೃತ. ಕೆಲವು ಮಾತುಗಳು ಒಬ್ಬನ ಬಾಯಲ್ಲಿ ಪೂರ್ಣವಾಗುವುದಿಲ್ಲ.

ಶ್ರೀಮದಾಚಾರ್ಯರ ಎಂಟನೆಯ ಸ್ತೋತ್ರ

ನಿತ್ಯವೂ ನೈವೇದ್ಯದ ಹೊತ್ತಿಗೆ ನಮ್ಮ ದೇವಾಲಯಗಳಲ್ಲಿಯೂ ಮನೆಗಳಲ್ಲಿಯೂ ದ್ವಾದಶಸ್ತೋತ್ರಗಳನ್ನು ಹೇಳುವ ಸಂಪ್ರದಾಯವಿದೆ. ಈ ಹನ್ನೆರಡು ಸ್ತೋತ್ರಗಳಲ್ಲಿ ಎಂಟನೆಯದು ಬಹುಮಂದಿಗೆ ಕಂಠಸ್ಥವಾಗಿರುತ್ತದೆ. ಹೀಗಾಗಲು ಕಾರಣವೇನೆಂದು ಒಮ್ಮೆ ಯೋಚಿಸಿರಿ. ಆ ಸ್ತೋತ್ರದಲ್ಲಿ ಪ್ರತಿಯೊಂದು ಶ್ಲೋಕದ ಬಳಿಕವೂ ಒಂದೇ ಸಾಲು ಮರಳಿ ಬರುತ್ತದೆ. ಶ್ಲೋಕವನ್ನು ಬಲ್ಲವರು ಶ್ಲೋಕವನ್ನು ಹೇಳುತ್ತಾರೆ. ಮರಳಿ ಬರುವ ಸಾಲಿನಲ್ಲಿ ದೇವರ ಕೋಣೆಯ ಹೊರಗೆ ನಿಂತವರೂ, ಅಡುಗೆಮನೆಯಲ್ಲಿದ್ದವರೂ ಸೇರಿಕೊಳ್ಳುತ್ತಾರೆ.

ವ್ಯಾಕರಣವನ್ನು ಬಲ್ಲವರು ಇನ್ನೊಂದು ಅಂಶವನ್ನೂ ಕಾಣಬಹುದು. ಆ ಸಾಲಿನ ಮೊದಲಲ್ಲಿರುವ ಕ್ರಿಯಾಪದವು ಉತ್ತಮಪುರುಷದ ಬಹುವಚನದಲ್ಲಿದೆ. ವಾಸುದೇವನನ್ನು ಪ್ರೀತಿಗೊಳಿಸುವವರು ‘ನಾವು’, ‘ನಾನು’ ಎಂಬುದಲ್ಲ. ಸಂಸ್ಕೃತದಲ್ಲಿ ಒಬ್ಬನೇ ತನ್ನನ್ನು ಬಹುವಚನದಿಂದ ಹೇಳಿಕೊಳ್ಳುವುದುಂಟೆಂಬುದು ನಿಜ. ಆದರೆ ಸ್ತೋತ್ರವನ್ನು ಸಾಮೂಹಿಕವಾಗಿ ಹೇಳುವಾಗ ಆ ಬಹುವಚನಕ್ಕೆ ಪೂರ್ಣಾರ್ಥವು ದೊರೆಯುತ್ತದೆ. ಒಬ್ಬರೇ ಧ್ವನಿವರ್ಧಕದ ಮುಂದೆ ನಿಂತು ಹೇಳಿ ಉಳಿದವರೆಲ್ಲ ಮೌನವಾಗಿದ್ದರೆ ‘ನಾವು’ ಎಂಬ ಮಾತಿಗೆ ನಾವು ಸಾಕ್ಷಿಗಳಾದೆವೇ ಹೊರತು ಅದರ ಕರ್ತೃಗಳಾಗಲಿಲ್ಲ.

ಹರಿದಾಸರ ಪಲ್ಲವಿ

ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರಿಂದ ಮೊದಲಾಗಿ ಶ್ರೀಪಾದರಾಜರು, ಶ್ರೀವ್ಯಾಸರಾಯರು, ಶ್ರೀವಾದಿರಾಜರು, ೧೫೬೪ರಲ್ಲಿ ಹರಿಪಾದವನ್ನು ಸೇರಿದ ಶ್ರೀಪುರಂದರದಾಸರು ಇವರೆಲ್ಲರೂ ಕನ್ನಡದಲ್ಲಿ ಹಾಡಿದರು ಎಂಬುದು ಸರ್ವವಿದಿತ. ಭಾಷೆಯನ್ನು ಜನರಿಂದ ಪಡೆದಂತೆ ಹಾಡಿನ ಆಕಾರವನ್ನೂ ಜನರಿಂದಲೇ ಪಡೆದರು ಎಂಬುದರ ಕಡೆಗೆ ನಮ್ಮ ಲಕ್ಷ್ಯವು ಅಷ್ಟಾಗಿ ಹೋಗಿಲ್ಲ. ಲಾಲಿ, ಜೋಗುಳ, ಸುವ್ವಿ, ಕೋಲು, ಶೋಭಾನ, ಉರುಟಣೆ ಎಂದು ದಾಸಸಾಹಿತ್ಯದಲ್ಲಿ ಕಾಣುವ ಪ್ರಕಾರಗಳ ಹೆಸರುಗಳನ್ನು ನೋಡಿದರೆ ಸಾಕು. ತೊಟ್ಟಿಲು, ಒರಳು, ಹಸೆಮಣೆ ಇವುಗಳ ಬಳಿ ಹೆಂಗಸರು ಮೊದಲೇ ಹಾಡುತ್ತಿದ್ದ ಧಾಟಿಗಳೇ ಅವು. ಹರಿದಾಸರು ಆ ಧಾಟಿಗಳಲ್ಲಿ ಹರಿಯ ಮಹಿಮೆಯನ್ನು ತುಂಬಿದರು.

ಇದಕ್ಕೆ ಉಜ್ಜ್ವಲವಾದ ನಿದರ್ಶನವು ನಮ್ಮ ಕರಾವಳಿಯವರೇ ಆದ, ಕುಂಭಾಶಿಯ ಸಮೀಪದ ಹೂವಿನಕೆರೆಯಲ್ಲಿ ಅವತರಿಸಿದ ಶ್ರೀವಾದಿರಾಜರ ‘ಲಕ್ಷ್ಮೀ ಶೋಭಾನೆ’. ಸಮುದ್ರಮಥನ, ಲಕ್ಷ್ಮೀಸ್ವಯಂವರಗಳ ಕಥೆಯೂ, ಹರಿಯ ಸರ್ವೋತ್ತಮತ್ವವೆಂಬ ಸಿದ್ಧಾಂತವೂ ಅದರಲ್ಲಿ ಮೇಳೈಸಿವೆ. ನೂರಕ್ಕೂ ಮಿಕ್ಕ ನುಡಿಗಳುಳ್ಳ ಈ ಕೃತಿಯನ್ನು ಅಕ್ಷರ ಕಲಿಯದಿದ್ದ ನಮ್ಮ ಅಜ್ಜಿಯಂದಿರು ಬಾಯಿಪಾಠ ಹೇಳುತ್ತಿದ್ದರು. ನುಡಿನುಡಿಗೂ ಶೋಭಾನದ ಮಾತು ಮರಳಿ ಬರುವುದೂ, ಅಲ್ಲಿ ಎಲ್ಲರೂ ದನಿಗೂಡಿಸುವುದೂ ಇದಕ್ಕೆ ಕಾರಣ. ‘ಯುಕ್ತಿಮಲ್ಲಿಕಾ’ದಂಥ ಪ್ರೌಢ ಗ್ರಂಥವನ್ನು ವಿದ್ವಾಂಸರಿಗಾಗಿ ರಚಿಸಿದ ಯತಿಗಳೇ ಹಸೆಮಣೆಯ ಬಳಿಯ ಹಾಡಿನ ಧಾಟಿಯನ್ನು ಹಿಡಿದರು. ಅವರ ಹೆಸರಿನಲ್ಲಿ ದಶಾವತಾರಗಳನ್ನು ಕುರಿತ ತುಳು ಹಾಡೊಂದು ಸಹ ಪ್ರಚಲಿತವಾಗಿದೆ. ಅದರ ಸೊಲ್ಲಂತೂ ತುಳುನಾಡಿನ ಜನಪದ ಗೀತಗಳ ಸೊಲ್ಲಿಗೆ ಅತಿ ಸಮೀಪವಾದುದು.

ಹರಿದಾಸರ ಎಲ್ಲ ರಚನೆಗಳೂ ಒಂದೇ ಬಗೆಯವಲ್ಲ. ಉಗಾಭೋಗಕ್ಕೆ ಪಲ್ಲವಿಯಿಲ್ಲ, ಅದು ತಾಳದ ಕಟ್ಟಿಗೆ ಒಳಪಡದೆ ದಾಸನೊಬ್ಬನೇ ತನ್ನ ಸ್ವಾಮಿಯೊಡನೆ ಆಡುವ ಮಾತು. ಸುಳಾದಿಯು ತಾಳದಿಂದ ತಾಳಕ್ಕೆ ಸಾಗುತ್ತ ತತ್ತ್ವವನ್ನು ವಿಸ್ತರಿಸುತ್ತದೆ. ಅದನ್ನು ಅಭ್ಯಾಸವುಳ್ಳವರು ಹಾಡಬೇಕು, ಇತರರು ಮನಸ್ಸಿಟ್ಟು ಕೇಳಬೇಕು. ಪದ ಅಥವಾ ಕೀರ್ತನೆಯು ಹಾಗಲ್ಲ. ಅದರಲ್ಲಿ ಪಲ್ಲವಿಯಿದೆ, ಬಹುಶಃ ಅನುಪಲ್ಲವಿಯಿದೆ, ಚರಣಗಳಿವೆ. ಪ್ರತಿ ಚರಣದ ಬಳಿಕವೂ ಪಲ್ಲವಿಗೆ ಹಿಂತಿರುಗಬೇಕು. ಏಕಾಂತದ ಮಾತಿಗೆ ಒಂದು ಆಕಾರ, ಶಾಸ್ತ್ರಚಿಂತನೆಗೆ ಒಂದು ಆಕಾರ, ಬೀದಿಯಲ್ಲಿ ಕೂಡಿದ ಜನಕ್ಕೆ ಒಂದು ಆಕಾರ. ಹೀಗೆ ವಿವೇಚಿಸಿಯೇ ಅವರು ಪಲ್ಲವಿಯನ್ನು ಇಟ್ಟರು. ಆದುದರಿಂದ ಪಲ್ಲವಿಯು ದಾಸರು ಸಭೆಗಾಗಿ ಬಿಟ್ಟ ಸ್ಥಳ. ಅದನ್ನು ಸಭೆಯು ತುಂಬದಿದ್ದರೆ ಹಾಡು ಅಪೂರ್ಣವಾಗಿಯೇ ಉಳಿಯುತ್ತದೆ.

ಉಡುಪಿಯ ಐತಿಹ್ಯವೊಂದನ್ನು ಇಲ್ಲಿ ಸ್ಮರಿಸಬಹುದು. ಹೊರಗೆ ನಿಂತು ಹಾಡಿದ ಕನಕದಾಸರಿಗೆ ಶ್ರೀಕೃಷ್ಣನು ತಿರುಗಿ ದರ್ಶನವಿತ್ತನೆಂದು ನಾವು ಭಕ್ತಿಯಿಂದ ಹೇಳಿಕೊಳ್ಳುತ್ತೇವೆ. ಹೊರಗಿನಿಂದ ಬಂದ ಕರೆಗೆ ಒಳಗಿನಿಂದ ಉತ್ತರ ದೊರೆತ ಸ್ಥಳದಲ್ಲಿ ನಿಂತು ಪೂಜಿಸುವ ನಾವು, ಯಾರ ದನಿಯೂ ಸಭೆಯಲ್ಲಿ ಹೆಚ್ಚಿನದೆಂದಾಗಲಿ ಕಡಮೆಯದೆಂದಾಗಲಿ ಭಾವಿಸಲಾಗದು.

ಅಚ್ಚಿನಲ್ಲಿ ಉಳಿಯದ ಭಾಗ

ದಾಸರ ಪದಗಳು ಅಚ್ಚಾದ ಇತಿಹಾಸದಲ್ಲಿ ನಮ್ಮ ಊರಿಗೆ ವಿಶೇಷವಾದ ಸ್ಥಾನವಿದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ೧೮೫೦ರಲ್ಲಿ ಮಂಗಳೂರಿನಲ್ಲಿ ‘ದಾಸರ ಪದಗಳು’ ಸಂಕಲನವನ್ನು ಅಚ್ಚುಹಾಕಿಸಿದರು. ಅದೇ ಮಿಷನ್ನಿನ ಮೆನ್ನರ್ ಅವರು ೧೮೮೬ರಲ್ಲಿ ತುಳು ಪಾಡ್ದನಗಳನ್ನು ಇಲ್ಲಿಯೇ ಪ್ರಕಟಿಸಿದರು. ಮುಂದೆ ಪಾವಂಜೆ ಗುರುರಾಯರು ಉಡುಪಿಯಿಂದ ಹರಿದಾಸರ ಕೃತಿಗಳನ್ನು ಸಂಪುಟ ಸಂಪುಟಗಳಾಗಿ ಹೊರತಂದು ಮನೆಮನೆಗೆ ತಲುಪಿಸಿದರು. ಅನ್ಯಮತೀಯರಾದ ಮಿಷನರಿಗಳ ಶ್ರಮವನ್ನೂ, ನಮ್ಮವರೇ ಆದ ಗುರುರಾಯರ ನಿಷ್ಠೆಯನ್ನೂ ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಅಚ್ಚಿನ ಸ್ವಭಾವವನ್ನೂ ಅರಿತಿರಬೇಕು. ಭಜನೆಯ ಯಾವುದೇ ಪುಸ್ತಕವನ್ನು ತೆರೆದು ನೋಡಿರಿ. ಪಲ್ಲವಿಯು ಮೇಲೆ ಒಂದೇ ಸಲ ಅಚ್ಚಾಗಿರುತ್ತದೆ. ಅದರ ಮುಂದೆ ‘ಪ’ ಎಂಬ ಒಂದಕ್ಷರ. ಅನಂತರ ಚರಣಗಳು ೧, ೨, ೩ ಎಂದು ಸಾಲಾಗಿ ಬರುತ್ತವೆ. ಐದು ಚರಣಗಳ ಪದವೊಂದರಲ್ಲಿ ಪಲ್ಲವಿಯನ್ನು ಆರಂಭದಲ್ಲೊಮ್ಮೆ, ಚರಣಚರಣಕ್ಕೊಮ್ಮೆ ಎಂದರೂ ಆರು ಸಲ ಹಾಡಬೇಕು. ಸಭೆಯು ಮರುಹೇಳುವ ಕ್ರಮವಿದ್ದರೆ ಹನ್ನೆರಡು ಸಲವಾಯಿತು. ಪುಸ್ತಕದಲ್ಲಿ ಅದು ಒಂದೇ ಸಾಲು. ಸಭೆಯ ಪಾಲೆಲ್ಲವೂ ‘ಪ’ ಎಂಬ ಆ ಒಂದಕ್ಷರದಲ್ಲಿ ಅಡಗಿ ಕುಳಿತಿದೆ. ಪುಸ್ತಕವನ್ನು ಮಾತ್ರ ನೋಡಿ ಹಾಡುವವನಿಗೆ ಚರಣಗಳೇ ಹಾಡೆಂದೂ, ಪಲ್ಲವಿಯು ಅದರ ಪೀಠಿಕೆಯೆಂದೂ ತೋರುತ್ತದೆ. ಆ ಅಕ್ಷರವನ್ನು ಬಿಡಿಸಿ ದನಿಯಾಗಿಸುವುದು ಪುಸ್ತಕದಿಂದಾಗುವ ಕೆಲಸವಲ್ಲ. ಅದು ಸಭೆಯ ಅಭ್ಯಾಸದಿಂದಲೇ ಆಗಬೇಕು.

ಇಂದಿನ ಸ್ಥಿತಿ

ನನ್ನ ತೀರ್ಥರೂಪರು ದೇವಸ್ಥಾನದ ಅರ್ಚಕರು. ನಾವು ಚಿಕ್ಕವರಿದ್ದಾಗ ಸಂಜೆ ದೀಪ ಹಚ್ಚಿದ ಬಳಿಕ ಅವರು ಜಗಲಿಯಲ್ಲಿ ಕುಳಿತು ಒಂದು ಪದದ ಪಲ್ಲವಿಯನ್ನು ಹೇಳಿ ಸುಮ್ಮನಾಗುತ್ತಿದ್ದರು. ಒಳಗಿನಿಂದ ನಮ್ಮ ದನಿ ಬರಬೇಕು. ಬಾರದಿದ್ದರೆ ಗದರುತ್ತಿರಲಿಲ್ಲ, ಮತ್ತೊಮ್ಮೆ ಪಲ್ಲವಿಯನ್ನೇ ಹೇಳುತ್ತಿದ್ದರು, ಮತ್ತೆ ಸುಮ್ಮನಾಗುತ್ತಿದ್ದರು. ನಾವು ಉತ್ತರಿಸದೆ ಚರಣಕ್ಕೆ ಹೋದದ್ದು ನನಗೆ ನೆನಪಿಲ್ಲ. ಆಟ ಬಿಟ್ಟು ಬರಲು ಮನಸ್ಸಿಲ್ಲದೆ ಅಂಗಳದಿಂದಲೇ ಕೂಗಿ ಉತ್ತರಿಸಿದ ದಿನಗಳೂ ಇದ್ದವು. ಹಾಗೆ ಕೂಗಿದ ಪದಗಳೇ ಇಂದು ನನ್ನಲ್ಲಿ ಉಳಿದಿರುವವು.

ಈಗ ನನ್ನ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮೊಬೈಲಿನಲ್ಲಿ ಅದೇ ಪದಗಳು ಕೇಳಿಬರುತ್ತವೆ. ಹಾಡಿದವರು ಉತ್ತಮ ಗಾಯಕರು. ಶ್ರುತಿ, ಲಯ, ಉಚ್ಚಾರಗಳಲ್ಲಿ ನನ್ನ ತಂದೆಯವರಿಗಿಂತ ಎಷ್ಟೋ ಪಾಲು ಮೇಲು. ಆದರೆ ಯಂತ್ರವು ಕಾಯುವುದಿಲ್ಲ. ಪಲ್ಲವಿ ಮುಗಿದೊಡನೆ ವಾದ್ಯ, ವಾದ್ಯ ಮುಗಿದೊಡನೆ ಚರಣ. ಮಗು ಉತ್ತರಿಸಿದರೂ ಒಂದೇ, ಉತ್ತರಿಸದಿದ್ದರೂ ಒಂದೇ. ಒಂದು ಸಂಜೆ ಅದನ್ನು ನಿಲ್ಲಿಸಿ ನಾನೇ ಪಲ್ಲವಿಯನ್ನು ಹೇಳಿ ಸುಮ್ಮನೆ ಕುಳಿತೆ. ಮಗಳು ನನ್ನ ಮುಖವನ್ನು ನೋಡಿ, “ಅಪ್ಪಾ, ಮುಂದಿನದು ಮರೆತುಹೋಯಿತೇ?” ಎಂದು ಕೇಳಿದಳು. ಕಾಯುವುದೆಂದರೆ ಏನೆಂದು ಅವಳಿಗೆ ನಾನು ಕಲಿಸಿರಲೇ ಇಲ್ಲ. ತಪ್ಪು ಅವಳದಲ್ಲ.

ದೇವಸ್ಥಾನಗಳಲ್ಲಿಯೂ ಸ್ಥಿತಿ ಬೇರೆಯಲ್ಲ. ಉತ್ಸವದ ಭಜನೆಯಲ್ಲಿ ಮುಂದಿನ ನಾಲ್ವರ ಮುಂದೆ ಧ್ವನಿವರ್ಧಕಗಳಿರುತ್ತವೆ. ಅವರ ದನಿಯು ಪ್ರಾಕಾರವನ್ನೆಲ್ಲ ತುಂಬಿದ ಮೇಲೆ ಹಿಂದೆ ಕುಳಿತವರಿಗೆ ತಮ್ಮ ದನಿ ತಮಗೇ ಕೇಳಿಸುವುದಿಲ್ಲ. ತನ್ನ ದನಿ ತನಗೆ ಕೇಳಿಸದವನು ಸ್ವಲ್ಪ ಹೊತ್ತಿನಲ್ಲಿ ಹಾಡುವುದನ್ನು ನಿಲ್ಲಿಸುತ್ತಾನೆ, ಸೊಲ್ಲೆತ್ತದೆ ಕೇಳುತ್ತಾನೆ, ಬಳಿಕ ಪಕ್ಕದವನೊಡನೆ ಮಾತಿಗಾರಂಭಿಸುತ್ತಾನೆ. ಭಕ್ತರಲ್ಲಿ ಶ್ರದ್ಧೆ ಕಡಮೆಯಾಯಿತೆಂದು ದೂರುವ ಮೊದಲು ನಾವು ಅವರ ಪಾಲನ್ನು ಅವರಿಗೆ ಬಿಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ನಿರಾಶೆಗೂ ಕಾರಣವಿಲ್ಲ. ಕರಾವಳಿಯ ಗೌಡ ಸಾರಸ್ವತ ದೇವಾಲಯಗಳಲ್ಲಿ ನಡೆಯುವ ಭಜನಾ ಸಪ್ತಾಹದಲ್ಲಿ ಏಳು ದಿನ ಹಗಲಿರುಳು ಭಜನೆಯು ಕಡಿಯದಂತೆ ತಂಡಗಳು ಸರದಿಯ ಮೇಲೆ ನಡೆಸಿಕೊಂಡು ಬರುತ್ತವೆ. ಧರ್ಮಸ್ಥಳದಲ್ಲಿ ವರ್ಷಂಪ್ರತಿ ನಡೆಯುವ ಭಜನಾ ಕಮ್ಮಟಕ್ಕೆ ಹಳ್ಳಿಹಳ್ಳಿಗಳಿಂದ ಮಂಡಳಿಗಳ ಸದಸ್ಯರು ಬಂದು ಕಲಿಯುತ್ತಾರೆ. ಜಿಲ್ಲೆಯ ಊರೂರುಗಳಲ್ಲಿ ಕುಣಿತ ಭಜನೆಯ ತಂಡಗಳಿವೆ. ದೀಪದ ಸುತ್ತ ತಾಳ ಹಿಡಿದು ಹೆಜ್ಜೆ ಹಾಕುವ ಮಕ್ಕಳಿಗೆ ಪಲ್ಲವಿಯು ಕಾಲಿನಿಂದಲೇ ಕಂಠಕ್ಕೆ ಏರುತ್ತದೆ. ಗದ್ದೆಯಲ್ಲಿ ಕೈಗೂ ಸೊಲ್ಲಿಗೂ ಇದ್ದ ನಂಟು ಇಲ್ಲಿ ಹೆಜ್ಜೆಗೂ ಪಲ್ಲವಿಗೂ ಉಳಿದುಬಂದಿದೆ.

ಒಂದು ಆಕ್ಷೇಪ

ಅರ್ಥವನ್ನರಿಯದೆ ಮರುನುಡಿಯುವುದರಿಂದ ಏನು ಪ್ರಯೋಜನ, ಅದು ಗಿಳಿಪಾಠವಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ಸಿದ್ಧಾಂತದಲ್ಲಿ ಈ ಆಕ್ಷೇಪಕ್ಕೆ ತೂಕವುಂಟು. ಭಗವಂತನ ಮಾಹಾತ್ಮ್ಯವನ್ನು ತಿಳಿದು ಅವನಲ್ಲಿ ನೆಲೆಗೊಳ್ಳುವ ಅಚಲವಾದ ಪ್ರೀತಿಯನ್ನೇ ಶ್ರೀಮದಾಚಾರ್ಯರು ಭಕ್ತಿಯೆಂದು ಕರೆದಿರುವರು, ತಿಳಿವಿಲ್ಲದ ಆವೇಶವನ್ನಲ್ಲ. ಆದುದರಿಂದ ಮರುದನಿಯಷ್ಟರಿಂದಲೇ ಸಾಧನೆ ಪೂರ್ಣವಾಯಿತೆಂದು ಹೇಳುವಂತಿಲ್ಲ.

ಆದರೆ ಗದ್ದೆಗಿಳಿದ ಆ ಹುಡುಗಿಯನ್ನು ನೆನೆಯಿರಿ. ಅವಳು ಮೊದಲು ಸೊಲ್ಲನ್ನು ಹಿಡಿದಳು, ಅನಂತರ ಕಥೆಯನ್ನು ತಿಳಿದಳು. ಸಂಥೆ ಹೇಳಿಕೊಳ್ಳುವ ವಟುವೂ ಮೊದಲು ಮಂತ್ರವನ್ನು ಕಂಠಸ್ಥ ಮಾಡಿ ಅನಂತರ ಭಾಷ್ಯಕ್ಕೆ ಹೋಗುತ್ತಾನೆ. ಮರುದನಿಯು ಜ್ಞಾನಮಂದಿರದ ಹೊಸ್ತಿಲು. ಹೊಸ್ತಿಲಲ್ಲಿಯೇ ಕುಳಿತುಬಿಡುವುದು ದೋಷವಾದೀತು. ಹೊಸ್ತಿಲನ್ನೇ ಕಿತ್ತುಹಾಕಿದರೆ ಒಳಗೆ ಬರುವವರಾರು? ಅರ್ಥವನ್ನು ಹೇಳಿಕೊಡುವ ಹೊಣೆ ತಿಳಿದವರದು. ಪದವನ್ನು ಎತ್ತಿಕೊಳ್ಳುವ ಮೊದಲು ಎರಡು ಮಾತುಗಳಲ್ಲಿ ಅದರ ಭಾವವನ್ನು ಹೇಳಿದರೆ ಗಿಳಿಪಾಠದ ದೋಷವು ಬಹುಮಟ್ಟಿಗೆ ನೀಗುತ್ತದೆ.

ಮಂಡಳಿಗಳ ವಿಚಾರಕ್ಕೆ

ನಮ್ಮ ಭಜನೆಗಳಲ್ಲಿ ಅನುಸರಿಸಬಹುದಾದ ಕೆಲವು ಅಂಶಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ.

೧. ಪದವನ್ನು ಆರಂಭಿಸುವ ಮುನ್ನ ಪಲ್ಲವಿಯನ್ನು ಮಾತಿನಂತೆ ಒಮ್ಮೆ ಹೇಳಿ ಅದರ ಅರ್ಥವನ್ನು ತಿಳಿಸಬೇಕು. ಅನಂತರ ರಾಗವಾಗಿ ಹೇಳಿ, ಸಭೆಯಿಂದ ಎರಡು ಸಲ ಹೇಳಿಸಬೇಕು.

೨. ಪಲ್ಲವಿಯನ್ನು ಸರಳವಾಗಿ ಹಾಡಬೇಕು. ಗಾಯಕರ ವಿದ್ವತ್ತಿಗೆ ಚರಣಗಳಲ್ಲಿ ಅವಕಾಶವಿದೆ. ಸಲಸಲಕ್ಕೂ ಬೇರೆಬೇರೆ ಸಂಗತಿಗಳನ್ನು ಹಾಕಿದ ಪಲ್ಲವಿಯನ್ನು ಸಭೆಯು ಹಿಡಿಯಲಾರದು.

೩. ಶ್ರುತಿಯನ್ನು ಗಾಯಕನ 편ಕ್ಕೆ ತಕ್ಕಂತೆ ಮಾತ್ರ ಆರಿಸದೆ, ಗಂಡಸರಿಗೂ ಹೆಂಗಸರಿಗೂ ಮಕ್ಕಳಿಗೂ ಪಲ್ಲವಿಯು ಎಟುಕುವಂತೆ ಆರಿಸಬೇಕು.

೪. ಸಭೆಯ ಸರದಿ ಬಂದಾಗ ಮುಂದಿನವರು ಧ್ವನಿವರ್ಧಕದಿಂದ ಹಿಂದೆ ಸರಿಯಬೇಕು. ಸಣ್ಣ ಪ್ರಾಕಾರಗಳಲ್ಲಿ ಧ್ವನಿವರ್ಧಕವಿಲ್ಲದೆಯೇ ವಾರಕ್ಕೊಂದು ದಿನ ಭಜನೆ ನಡೆಸಿ ನೋಡಬಹುದು.

೫. ಒಂದೊಂದು ಚರಣವನ್ನು ಒಬ್ಬೊಬ್ಬರಿಗೆ ಕೊಡಬೇಕು. ಹಿರಿಯ ಹೆಂಗಸರಲ್ಲಿ ಅಚ್ಚಾಗದ ಎಷ್ಟೋ ಧಾಟಿಗಳಿವೆ. ಅವರನ್ನು ಮುಂದೆ ಕೂರಿಸಿ ಹಾಡಿಸಬೇಕು. ತಾಳವನ್ನು ಮಕ್ಕಳ ಕೈಗೆ ಕೊಡಬೇಕು.

೬. ಅಂಕಿತವಿರುವ ಕೊನೆಯ ಚರಣವನ್ನು ಬಿಡಬಾರದು. ಸಮಯ ಸಾಲದಿದ್ದರೆ ಪದಗಳ ಸಂಖ್ಯೆಯನ್ನು ಕಡಮೆಮಾಡಬಹುದು, ಒಂದು ಪದವನ್ನು ಅರ್ಧಕ್ಕೆ ಮುಗಿಸುವುದು ಸಲ್ಲದು.

೭. ಎಲ್ಲಕ್ಕಿಂತ ಮಿಗಿಲಾಗಿ, ಪಲ್ಲವಿಯನ್ನು ಹೇಳಿದ ಬಳಿಕ ಕಾಯಬೇಕು. ಮೊದಲ ದಿನ ಮರುದನಿ ಕ್ಷೀಣವಾಗಿ ಬಂದೀತು, ಬಾರದೆಯೂ ಇದ್ದೀತು. ಆ ಮೌನಕ್ಕೆ ಅಂಜಿ ಮುಂದಿನವರೇ ಅದನ್ನು ತುಂಬಿಬಿಟ್ಟರೆ ಸಭೆಯು ಎಂದಿಗೂ ದನಿಯೆತ್ತುವುದಿಲ್ಲ.

ನನ್ನ ಮನೆಯಲ್ಲಿ ಈಗ ಸಂಜೆ ಒಂದು ಪದ ಮಾತ್ರ ನಡೆಯುತ್ತಿದೆ. ಮಗಳು ಕೆಲವು ದಿನ ಉತ್ತರಿಸುತ್ತಾಳೆ, ಕೆಲವು ದಿನ ಮರೆಯುತ್ತಾಳೆ. ಮೊನ್ನೆ ನಾನು ಪಲ್ಲವಿ ಹೇಳಿ ಕಾದಿದ್ದಾಗ, ಮಂದದೃಷ್ಟಿಯಿಂದ ಒಳಗೆ ಮಲಗಿದ್ದ ತೀರ್ಥರೂಪರ ದನಿ ಮೊದಲು ಬಂತು. ಅದರ ಹಿಂದೆಯೇ ಅವಳದು. ಅಂದು ಚರಣಕ್ಕೆ ಹೋಗಲು ನಾನು ತುಸು ತಡಮಾಡಿದೆ.

ಓದುಗರಾದ ತಾವೂ ಈ ಏಕಾದಶಿಯಿಂದ ತಮ್ಮ ಮನೆಗಳಲ್ಲಿ ಒಂದು ಪದವನ್ನು ಎತ್ತಿಕೊಂಡು, ಪಲ್ಲವಿಯ ಬಳಿಕ ಕ್ಷಣಕಾಲ ಕಾದು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ದಾಸವರೇಣ್ಯರು ಬಿಟ್ಟುಹೋದ ಆ ಸ್ಥಳವು ತಮ್ಮ ಮಕ್ಕಳ ದನಿಯಿಂದ ತುಂಬುವಂತೆ ಶ್ರೀಹರಿವಾಯುಗುರುಗಳು ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥